ಕೈ ಹೋಗದ ಜಾಗ

ಕಾರಿನೊಳಗೆ ಅತ್ಯಂತ ಕಡಿಮೆ ಹೊತ್ತು ದುಡಿಯುವವನು ಸೆಲ್ಫ್ ಮೋಟಾರು. ಕೀಲಿ ತಿರುವಿದಾಗ ಒಂದೆರಡು ಸೆಕೆಂಡು ಗಿರ್ರೆಂದು ಎಂಜಿನ್ನನ್ನು ಎಬ್ಬಿಸಿ ಹಿಂದೆ ಸರಿದು ಕೂತರೆ ಮುಗಿಯಿತು. ಆಮೇಲೆ ನೀವು ಹರಿಹರಕ್ಕೆ ಹೋಗಿ, ಹುಬ್ಬಳ್ಳಿಗೆ ಹೋಗಿ, ಅವನಿಗೆ ಸಂಬಂಧವಿಲ್ಲ. ನಮ್ಮ ಕಡೆ ಸಮಾರಂಭದ ಉದ್ಘಾಟಕರೂ ಹೀಗೆಯೇ. ದೀಪ ಹಚ್ಚಿ, ಶಾಲು ಹೊದೆಸಿಕೊಂಡು, ‘ಇನ್ನೊಂದು ಪ್ರೋಗ್ರಾಂ ಐತ್ರಿ’ ಎಂದು ಹೊರಟುಬಿಡುತ್ತಾರೆ. ಆದರೆ ಅವರು ಬಾರದೆ ಹೋದರೆ ಪೆಂಡಾಲಿನ ತುಂಬ ಕೂತ ಜನ ಕೂತೇ ಇರಬೇಕು.

ಒಂದು ಬೆಳಿಗ್ಗೆ ನಮ್ಮ ಕಾರಿನ ಉದ್ಘಾಟಕರು ಬರಲಿಲ್ಲ. ಕೀಲಿ ತಿರುವಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಹೆಡ್‌ಲೈಟ್ ಹಾಕಿಟ್ಟು ಮತ್ತೆ ತಿರುವಿದೆ. ಟಕ್ ಎಂದಾಗ ಬೆಳಕು ಕುಂದಿದರೆ ರೋಗ ಬ್ಯಾಟರಿಯದು. ಬೆಳಕು ಹಾಗೇ ನಿಂತರೆ ಸೆಲ್ಫಿನದು. ಬೆಳಕು ಜಗ್ಗಲಿಲ್ಲ.

ಬಾತಿಯಲ್ಲಿ ಕಾರು ಕೆಟ್ಟವನಿಗೆ ಅಯ್ಯೋ ಅನ್ನುವವರಿಲ್ಲ. ದಾವಣಗೆರೆಗೂ ಹರಿಹರಕ್ಕೂ ನಡುವೆ ಹಳೇ ಪಿ.ಬಿ. ರಸ್ತೆಗೆ ಅಂಟಿಕೊಂಡ ಊರಿದು. ಎರಡೂ ಪಟ್ಟಣಗಳಿಗೆ ಬಸ್ಸುಗಳು ಬರುತ್ತಲೇ ಇರುತ್ತವೆ. ‘ಬಸ್ಸಿಗೆ ಹೋಗ್ರಲ್ಲ’ ಎನ್ನುವುದು ಇಲ್ಲಿ ಸಮಾಧಾನವೂ ಹೌದು, ಕಾರು ಕೊಂಡದ್ದಕ್ಕೆ ಬಹುದಿನದಿಂದ ಬಾಕಿಯಿದ್ದ ಟೀಕೆಯೂ ಹೌದು. ಕೆಲವು ದಿನ ಕಾರನ್ನು ದಬ್ಬಿಸಿಯೇ ಓಡಿಸಿದೆ. ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದು, ಹಿಂದಿನಿಂದ ನಾಲ್ಕು ಜನ ದಬ್ಬಿ ವೇಗ ಬಂದ ಕೂಡಲೇ ಕ್ಲಚ್ ಬಿಡುವುದು. ಮೊದಲು ದಬ್ಬಲು ಉತ್ಸಾಹದಿಂದ ಬರುತ್ತಿದ್ದ ಹುಡುಗರು ಬರಬರುತ್ತ ನನ್ನ ಕೈಯಲ್ಲಿ ಕೀಲಿ ಕಂಡರೆ ಟ್ಯೂಷನ್ನಿಗೆ ಹೋಗತೊಡಗಿದರು. ನಮ್ಮೂರಿನಲ್ಲಿ ವಿದ್ಯೆಗೆ ಅಷ್ಟು ಮಹತ್ವ ಬಂದದ್ದು ಅದೇ ಮೊದಲು.

ಪರಿಚಯದ ಮೆಕ್ಯಾನಿಕ್ಕನ್ನು ಕರೆಸಿದೆ. ಆತ ಬಾನೆಟ್ ಎತ್ತಿ, ಬಗ್ಗಿ ನೋಡಿ, ದೇವರ ಮನೆಯ ಬಾಗಿಲು ಹಾಕುವಂಥ ಗೌರವದಿಂದ ಮತ್ತೆ ಮುಚ್ಚಿದ. “ಸೆಲ್ಫ್ ಬಿಚ್ಚೋದು ಐದು ನಿಮಿಷದ ಕೆಲಸ ಸಾರ್. ಸೆಲ್ಫಿನ ತನಕ ಹೋಗೋದು ಒಂದು ದಿನದ್ದು.” ಸಾಮಾನಿಗಿಂತ ಕೂಲಿಯೇ ಹೆಚ್ಚು ಎಂದು ಗೊತ್ತಾದ ಮೇಲೆ ಮನೆಯಲ್ಲೇ ಮಾಡಿಬಿಡೋಣ ಎಂಬ ವಿಚಾರ ನನಗೆ ಬಂತು. ಮನೆಯಾಕೆ ಬೇಡವೆನ್ನಲಿಲ್ಲ. “ಕೆಲಸದ ಅಂಗಿ ಯಾವುದು ಅಂತ ಮೊದಲು ಹೇಳ್ರಿ, ಅದನ್ನ ಬ್ಯಾರೆ ಬಕೆಟ್ಟಿನಾಗ ನೆನಿ ಹಾಕ್ತೀನಿ” ಎಂದಳು.

ಈ ಮೋಟಾರನ್ನು ಯಾಕೆ ಇಂಥ ಜಾಗದಲ್ಲಿ ಹುದುಗಿಸಿದರು ಎನ್ನುವುದಕ್ಕೆ ಕಾರಣ ಕೇಳಿದರೆ ಸಿಟ್ಟು ಬರುತ್ತದೆ, ಒಪ್ಪದೆ ವಿಧಿಯೂ ಇಲ್ಲ. ಹಳೆಯ ಅಂಬಾಸಿಡರ್ ಕಾರಿನಲ್ಲಿ ಎಂಜಿನ್ನು ಉದ್ದುದ್ದ ಕೂತಿತ್ತು. ಅಕ್ಕಪಕ್ಕ ಮೊಣಕೈ ಆಡುವಷ್ಟು ಜಾಗ. 1959ರಲ್ಲಿ ಇಂಗ್ಲೆಂಡಿನ ಅಲೆಕ್ ಇಸಿಗೋನಿಸ್ ಎಂಬಾತ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡ ತಿರುಗಿಸಿ ಮಲಗಿಸಿದ. ಆ ಪದ್ಧತಿ ಲೋಕಕ್ಕೆಲ್ಲ ಹಬ್ಬಿ, 1983ರ ಮಾರುತಿಯ ಜೊತೆಗೆ ನಮ್ಮ ಮನೆ ಬಾಗಿಲಿಗೂ ಬಂತು. ಕಾರು ಗಿಡ್ಡವಾಯಿತು. ಒಳಗೆ ಕೂತವರ ಕಾಲಿಗೆ ಜಾಗ ಸಿಕ್ಕಿತು, ಹೊರಗೆ ರಿಪೇರಿ ಮಾಡುವವನ ಕೈಗೆ ಇದ್ದ ಜಾಗ ಹೋಯಿತು. ಇನ್ನು ಕಾರ್ಖಾನೆಯವನಿಗೆ ಈ ಕಷ್ಟದ ಕಲ್ಪನೆಯೇ ಬರುವುದಿಲ್ಲ. ಅವನು ಎಂಜಿನ್ನು, ಗೇರ್‌ಬಾಕ್ಸು, ಸೆಲ್ಫು ಮೂರನ್ನೂ ಹೊರಗೆ ಆರಾಮಾಗಿ ಜೋಡಿಸಿ, ಇಡೀ ಗಂಟನ್ನೇ ಕಾರಿನೊಳಗೆ ಕೂರಿಸಿಬಿಡುತ್ತಾನೆ. ಬಿಚ್ಚುವವನು ಮಾತ್ರ ತುಂಬಿದ ಮನೆಯೊಳಗೆ ನುಗ್ಗಬೇಕು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಕ್ಯಾಡಿಲಾಕ್ ಕಂಪನಿಯ ಕಥೆ. ಕಾರಿಗೆ ವಿದ್ಯುತ್ ಸ್ಟಾರ್ಟರು ಮೊದಲು ಮಾಮೂಲಿ ಸಲಕರಣೆಯಾಗಿ ಬಂದದ್ದು ಅಮೆರಿಕದ 1912ರ ಕ್ಯಾಡಿಲಾಕ್‌ನಲ್ಲಿ. ಮಾಡಿದವನು ಚಾರ್ಲ್ಸ್ ಕೆಟರಿಂಗ್. ಆತ ಅದಕ್ಕೆ ಮುಂಚೆ ಅಂಗಡಿಗಳ ಗಲ್ಲಾಯಂತ್ರಕ್ಕೆ ಮೋಟಾರು ಕೂಡಿಸಿದ್ದವನು. ಕ್ಷಣಕಾಲ ಮಾತ್ರ ಜೋರು ಮಾಡಿ ಸುಮ್ಮನಾಗುವ ಮೋಟಾರು ಚಿಕ್ಕದಿದ್ದರೂ ಸಾಕು ಎಂಬ ಗುಟ್ಟು ಅವನಿಗೆ ಅಲ್ಲಿಯೇ ಸಿಕ್ಕಿತ್ತು. ಜಗತ್ತಿಗೆ ಈ ಉಪಕಾರ ಮಾಡಿದ ಅದೇ ಕಂಪನಿ ಎಂಬತ್ತು ವರ್ಷ ಕಳೆದ ಮೇಲೆ ತನ್ನ ನಾರ್ತ್‌ಸ್ಟಾರ್ ಎಂಜಿನ್ನಿನಲ್ಲಿ ಸ್ಟಾರ್ಟರನ್ನು ಎಂಜಿನ್ನಿನ ನಟ್ಟನಡುವಿನ ಕಣಿವೆಯಲ್ಲಿ, ಗಾಳಿ ಹಂಚುವ ಮ್ಯಾನಿಫೋಲ್ಡಿನ ಅಡಿಗೆ ಹೂತುಬಿಟ್ಟಿತು. ಕಾಣಬೇಕಾದರೆ ಮ್ಯಾನಿಫೋಲ್ಡನ್ನೇ ಎತ್ತಬೇಕು. ಅದನ್ನು ಓದಿದ ಮೇಲೆ ನಮ್ಮ ಕಾರಿನ ಮೇಲೆ ಕೊಂಚ ಪ್ರೀತಿ ಬಂತು. ನಮ್ಮದು ಬರೀ ಎಂಜಿನ್ನಿನ ಬೆನ್ನಿಗೆ, ಗೋಡೆಯ ಕಡೆ ಮುಖ ಮಾಡಿ ಕೂತಿತ್ತು.

ನನ್ನ ಬಲಕ್ಕೆ ನಿಂತವರು ಎದುರುಮನೆಯ ಅಜ್ಜ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮಾಡುತ್ತಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಬಾಗಿಲು ಹಾಕಿ ಕಾಲವಾಯಿತು, ಅಜ್ಜನೊಳಗಿನ ಶಿಫ್ಟು ಇನ್ನೂ ಮುಗಿದಿಲ್ಲ. ಈ ಸೀಮೆಯಲ್ಲಿ ಅಂಥವರು ಬಹಳ ಮಂದಿ. ಯಾವ ಓಣಿಯಲ್ಲಿ ಏನು ಬಿಚ್ಚಿಟ್ಟರೂ ಒಬ್ಬರಾದರೂ ಕನ್ನಡಕ ಒರೆಸಿಕೊಳ್ಳುತ್ತ ಬಂದೇ ಬರುತ್ತಾರೆ. ಅಜ್ಜ ಬರುವಾಗ ಬಟ್ಟೆಯಲ್ಲಿ ಸುತ್ತಿದ ತಮ್ಮ ಪಾನಾಗಳನ್ನೂ ತಂದರು.

“ಮೊದಲು ಬ್ಯಾಟರಿ ಮೈನಸ್ ಬಿಚ್ಚು. ಆಮ್ಯಾಲೆ ಉಳಿದ ಮಾತು.”

ಅದು ಸರಿಯೇ. ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್. ಸೆಲ್ಫು ನೂರರ ಮೇಲೆ ಎಳೆಯುತ್ತದೆ. ಅದಕ್ಕೇ ಬೆರಳುಗಾತ್ರದ ತಂತಿ. ಪಾನಾ ತಪ್ಪಿ ಅದಕ್ಕೂ ಬಾಡಿಗೂ ತಾಗಿದರೆ ಪಾನಾ ಅಲ್ಲೇ ಬೆಸುಗೆಯಾಗಿ ಕೂರುತ್ತದೆ. ಮುಂದಿನ ಆಜ್ಞೆ: ಜಾಕನ್ನು ನಂಬಿ ಕೆಳಗೆ ಹೋಗಬಾರದು. ಮರದ ದಿಮ್ಮಿಗಳನ್ನು ಕೊಟ್ಟು, ಕಾರನ್ನು ಅಲುಗಾಡಿಸಿ ನೋಡಿದ ಮೇಲಷ್ಟೇ ನನಗೆ ಅಂಗಾತ ಮಲಗಲು ಅಪ್ಪಣೆಯಾಯಿತು.

ಸೆಲ್ಫನ್ನು ಹಿಡಿದಿರುವುದು ಎರಡೇ ಬೋಲ್ಟು. ಮೇಲಿನದು ಕಾಣುತ್ತದೆ, ಕೈ ಹೋಗುವುದಿಲ್ಲ. ಕೆಳಗಿನದಕ್ಕೆ ಕೈ ಹೋಗುತ್ತದೆ, ಕಾಣುವುದಿಲ್ಲ. ಏರ್ ಫಿಲ್ಟರಿನ ಡಬ್ಬಿ ತೆಗೆದು, ಅದರ ಕೊಳವೆ ತೆಗೆದು, ಯಾಕಿದೆಯೆಂದು ಯಾರಿಗೂ ಹೇಳಲಾಗದ ಒಂದು ಪಟ್ಟಿಯನ್ನೂ ತೆಗೆದ ಮೇಲೆ ಒಂದು ಸಂದಿ ಬಿತ್ತು. ಆ ಸಂದಿಯಲ್ಲಿ ಕೈ ಹಾಕಿದರೆ ಟಾರ್ಚಿನ ಬೆಳಕಿಗೆ ಜಾಗವಿಲ್ಲ. ಬೆಳಕು ಬಿಟ್ಟರೆ ಕೈಗೆ ಜಾಗವಿಲ್ಲ. ಟಾರ್ಚ್ ಹಿಡಿದಿದ್ದ ಮನೆಯಾಕೆ ಇದನ್ನು ನನಗಿಂತ ಮೊದಲೇ ಅರ್ಥ ಮಾಡಿಕೊಂಡು ಒಳಗೆ ಹೋಗಿ ಅನ್ನಕ್ಕಿಟ್ಟಳು.

“ಕಣ್ಣು ಮುಚ್ಚು ತಮ್ಮಾ,” ಎಂದರು ಅಜ್ಜ. “ಕಣ್ಣು ತೆರದರೆ ಕಣ್ಣಿಗೆ ಕಂಡಿದ್ದನ್ನ ಕೈ ನಂಬತೈತಿ. ಬೆರಳಿನಾಗ ನೋಡು.”

ಕಣ್ಣು ಮುಚ್ಚಿದೆ. ನಿಜವಾಗಿಯೂ ಬೆರಳಿಗೆ ಬೋಲ್ಟಿನ ತಲೆ, ಅದರ ಆರು ಮೂಲೆ, ಪಕ್ಕದ ದಪ್ಪ ತಂತಿ, ಸೊಲೆನಾಯ್ಡಿನ ಸಣ್ಣ ತಂತಿ ಎಲ್ಲ ಒಂದೊಂದಾಗಿ ಕಂಡವು. ಈ ಹೊತ್ತಿಗೆ ಸೇರಿದ್ದ ಜನ ಮಾತ್ರ ನಾನು ಕಾರಿನಡಿ ಕಣ್ಣು ಮುಚ್ಚಿ ಮಲಗಿದ್ದನ್ನು ಬೇರೆ ರೀತಿಯಲ್ಲಿ ತಿಳಿದು ನೀರು ತರಿಸಿದರು.

ಕೆಳಗಿನ ಬೋಲ್ಟು ಬಂತು. ಮೇಲಿನದಕ್ಕೆ ರಿಂಗ್ ಪಾನಾ ಕೂತರೂ ಆಡಿಸಲು ಸಿಗುವುದು ಗಡಿಯಾರದ ಒಂದು ಗಂಟೆಯಷ್ಟು ಜಾಗ. ಮತ್ತೆ ತೆಗೆದು ಮತ್ತೆ ಕೂರಿಸಬೇಕು. ಅಜ್ಜ ಅಲ್ಲಿಯೇ ಲೆಕ್ಕ ಹಾಕಿದರು. ಥ್ರೆಡ್ಡು ಒಂದು ಸುತ್ತಿಗೆ ಒಂದೂಕಾಲು ಮಿಲಿಮೀಟರ್. ಬೋಲ್ಟು 30 ಮಿಲಿಮೀಟರ್ ಒಳಗಿದ್ದರೆ 24 ಸುತ್ತು. ಸುತ್ತಿಗೆ 12 ಸಲ. “288,” ಎಂದು ತೀರ್ಪಿತ್ತು, ಅದನ್ನು ಕೆಲಸವೇ ಮುಗಿದಷ್ಟು ನೆಮ್ಮದಿಯಿಂದ ಹೇಳಿ, ಚಹಾ ಕುಡಿಯಲು ಹೋದರು.

ನನ್ನನ್ನು ಉಳಿಸಿದವನು ಪಕ್ಕದ ಮನೆಯ ನಾಲ್ಕನೇ ಇಯತ್ತೆಯ ಹುಡುಗ. ಬೋಲ್ಟು ಬಿಗಿ ಬಿಟ್ಟಿದ್ದೇ ತಡ, “ಮಾಮಾ, ಸರೀರಿ” ಎಂದು ಸ್ಟೂಲು ಹತ್ತಿ, ಸಣ್ಣ ಕೈಯನ್ನು ಸಂದಿಗೆ ಇಳಿಸಿ, ಯಾವುದೋ ಸಿನಿಮಾ ಹಾಡು ಗುನುಗುತ್ತ ಬೆರಳಿನಲ್ಲೇ ತಿರುವಿ ಬೋಲ್ಟನ್ನು ತಂದು ನನ್ನ ಅಂಗೈಗೆ ಹಾಕಿದ. ಇಸಿಗೋನಿಸನ ಮನಸ್ಸಿನಲ್ಲಿ ಬಹುಶಃ ಇಂಥದೇ ಕೈ ಇದ್ದಿರಬೇಕು. ಹುಡುಗ ಕೂಲಿಯನ್ನು ಮೊದಲೇ ಗೊತ್ತು ಮಾಡಿದ್ದ: ಮಿರ್ಚಿ, ನರ್ಗಿಸ್ ಮಂಡಕ್ಕಿ, ತನಗೊಂದು ತನ್ನ ಗೆಳೆಯರಿಗೊಂದೊಂದು ಪೊಟ್ಟಣ. ಗೆಳೆಯರು ಯಾವ ಕೆಲಸ ಮಾಡಿದರು ಎಂದು ಕೇಳಿದ್ದಕ್ಕೆ, “ಈ ಸಲ ಟ್ಯೂಷನ್ನಿಗೆ ಹೋಗಲಿಲ್ಲಲ್ರಿ” ಎಂದ. ಗ್ರೀಸಿನ ಕೈಯಲ್ಲಿ ಮಂಡಕ್ಕಿ ತಿನ್ನುವುದು ಹೇಗೆಂಬುದನ್ನು ದಾವಣಗೆರೆಯವರೂ ಇನ್ನೂ ಕಂಡುಹಿಡಿದಿಲ್ಲ. ಬಾಯಿಗೆ ಹೋದದ್ದಕ್ಕಿಂತ ಬೆರಳಿಗೆ ಅಂಟಿದ್ದೇ ಹೆಚ್ಚು.

ಹೊರಬಂದ ಹಳೆಯ ಸೆಲ್ಫನ್ನು ಅಜ್ಜ ಬಿಚ್ಚದೆ ಬಿಡಲಿಲ್ಲ. ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದು ಆರ್ಮೇಚರಿಗೆ ಮುಟ್ಟುವುದನ್ನೇ ಬಿಟ್ಟಿದ್ದವು. ಕಬ್ಬಿಣದ ಸರಳಿನಿಂದ ಮೋಟಾರಿಗೆ ಮೆಲ್ಲಗೆ ಬಡಿದರೆ ಒಮ್ಮೊಮ್ಮೆ ತಿರುಗುತ್ತದಲ್ಲ, ಇದೇ ಕಾರಣಕ್ಕೆ. ಏಟಿಗೆ ಬ್ರಷ್ಷು ಕದಲಿ ಕ್ಷಣಕಾಲ ತಾಗುತ್ತದೆ. ಬಡಿಯಲಾದರೂ ಅಲ್ಲಿಗೆ ಕೈ ಹೋಗಬೇಕು ಎನ್ನುವುದು ಬೇರೆ ಮಾತು.

ಹೊಸದನ್ನು ಕೂರಿಸಿದ್ದನ್ನು ವಿವರಿಸುವುದಿಲ್ಲ. ಬಿಚ್ಚಿದ್ದನ್ನೇ ಹಿಂದುಮುಂದಾಗಿ ಓದಿಕೊಂಡರೆ ಸಾಕು, ಬೈಗುಳ ಮಾತ್ರ ಅವವೇ. ಸಂಜೆ ಬ್ಯಾಟರಿಯ ಮೈನಸ್ ಕೊಟ್ಟು ಕೀಲಿ ತಿರುವಿದೆ. ಗಿರ್ರೆಂದಿತು, ಎಂಜಿನ್ನು ಎದ್ದಿತು, ಓಣಿ ಚಪ್ಪಾಳೆ ತಟ್ಟಿತು.

“ಆರಿಸು,” ಎಂದರು ಅಜ್ಜ. “ಒಂದು ಸಲ ಆದದ್ದು ಲೆಕ್ಕಕ್ಕಿಲ್ಲ.” ಆರಿಸಿ ಮತ್ತೆ ಹಚ್ಚಿದೆ. ಆಮೇಲೆ ಅಜ್ಜ ತಾವೇ ಕೂತು ಹಚ್ಚಿದರು. ಬೋಲ್ಟು ತೆಗೆದ ಹುಡುಗನಿಗೆ ಹಕ್ಕಿತ್ತು. ಅವನ ಗೆಳೆಯರಿಗೆ ಹಕ್ಕಿಲ್ಲವೆನ್ನಲು ನನಗೆ ಧೈರ್ಯವಿರಲಿಲ್ಲ, ನಾಳೆ ದಬ್ಬುವವರು ಅವರೇ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನೂ ಕ್ಯಾನು ಇಳಿಸಿ ಒಂದು ಕೈ ನೋಡಿದ. ಸದ್ದು ಸಣ್ಣಗಾಗುತ್ತ ಬಂದದ್ದನ್ನು ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಕೊನೆಗೆ ಮನೆಯಾಕೆ ಕೈಯೊರೆಸಿಕೊಂಡು ಬಂದು ಕೂತು ಕೀಲಿ ತಿರುವಿದಾಗ ಹೆಡ್‌ಲೈಟು ಕೆಂಪಗೆ ಕುಂದಿ, ಟಕ್ ಎಂದಿತು.

ಜನ ಮತ್ತೆ ಸುತ್ತುಗಟ್ಟಿದರು. ಅಜ್ಜ ಪಾನಾಗಳ ಗಂಟನ್ನು ಮತ್ತೆ ಬಿಚ್ಚಿದರು.

“ಇದು ಬ್ಯಾಟರಿ,” ಎಂದೆ.

“ಎಲ್ಲೈತಿ ಅದು?”

ತೋರಿಸಿದೆ. ಬಾನೆಟ್ಟಿನ ಬಾಯಲ್ಲೇ, ಎರಡು ಕೈಯಿಂದ ಎತ್ತಿಡುವಂತೆ ಕೂತಿತ್ತು. ಅಜ್ಜ ಒಮ್ಮೆ ಬಗ್ಗಿ ನೋಡಿ, ಇದರಲ್ಲೇನಿದೆ ಎಂಬಂತೆ ಗಂಟು ಕಟ್ಟಿಕೊಂಡು ಮನೆಗೆ ನಡೆದರು. ಅವರ ಹಿಂದೆಯೇ ಓಣಿಯ ಜನರೂ ಕರಗಿದರು.