ಎಂಟಕ್ಷರದ ಊರು, 6.4 ಇಂಚಿನ ಚಿತ್ರ: ಒಂದು ಶಾಸ್ತ್ರವಿಚಾರ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಂಕಿಗಳ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಅಕ್ಷವೆಂಬುದು ಎರಡು ತತ್ತ್ವಗಳಿಂದಾದದ್ದು: ಗೀಟು ಎಲ್ಲಿ ಬೀಳಬೇಕೆಂದು ಗೊತ್ತುಮಾಡುವ ಲೊಕೇಟರ್, ಗೀಟಿನ ಕೆಳಗೆ ಯಾವ ಚೀಟಿ ಅಂಟಿಸಬೇಕೆಂದು ಹೇಳುವ ಫಾರ್ಮ್ಯಾಟರ್. ಈ ಮ್ಯಾಟ್‌ಪ್ಲಾಟ್‌ಲಿಬ್ಬನ್ನು 2003ರಲ್ಲಿ ಲೋಕಕ್ಕೆ ಕೊಟ್ಟವರು ಜಾನ್ ಹಂಟರ್ ಎಂಬುದು ವಿದ್ವಾಂಸರ ಮತ. ಕೊಟ್ಟದ್ದು ನಿಜ, ಆದರೆ ತತ್ತ್ವವು ಅದಕ್ಕೂ ಮೊದಲೇ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ಸಿದ್ಧವಾಗಿತ್ತೆಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ.

ಮೊದಲ ಪ್ರಮಾಣ ಶಿಲೆಯದು. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ಕಂಬ, ಕಂಬಕ್ಕೊಂದು ರಾಶಿ. ಆಯಾ ಮಾಸದ ಬಿಸಿಲು ಆಯಾ ಕಂಬಕ್ಕೇ ಬೀಳುತ್ತದೆಂದು ಪ್ರತೀತಿ. ಗೀಟೂ ಅಲುಗದು, ಚೀಟಿಯೂ ಅಲುಗದು. ಗೀಟನ್ನು ಕಟ್ಟಿಹಾಕದೆ ಹೆಸರು ಮಾತ್ರ ಕೊಟ್ಟರೆ, ಚಿತ್ರ ಹಿಗ್ಗಿಸಿದಾಗ ಮೇಷದ ಚೀಟಿ ವೃಷಭಕ್ಕೆ ಅಂಟೀತೆಂದು ಮ್ಯಾಟ್‌ಪ್ಲಾಟ್‌ಲಿಬ್ ಈಗ ಎಚ್ಚರಿಸುತ್ತದೆ. ಹದಿನಾಲ್ಕನೇ ಶತಮಾನದ ಶಿಲ್ಪಿಗೆ ಆ ಎಚ್ಚರಿಕೆ ಬೇಕಾಗಲಿಲ್ಲ. ಎರಡನೆಯ ಪ್ರಮಾಣ ಇದಕ್ಕಿಂತ ಬಲವಾದದ್ದು. ಎಡೇಹಳ್ಳಿಯೆಂಬ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಭೇಟಿಯ ನೆನಪಿಗೆ ನರಸಿಂಹರಾಜಪುರವಾಯಿತು. ಗೀಟು ಇದ್ದಲ್ಲೇ ಇತ್ತು, ಚೀಟಿ ಬದಲಾಯಿತು, ನಾಲ್ಕಕ್ಷರ ಎಂಟಾಯಿತು. ಜನ ರಾಜಭಕ್ತಿಗೆ ಕುಂದು ಬಾರದಂತೆ ಅದನ್ನು ‘ಎನ್.ಆರ್.ಪುರ’ ಎಂದರು. ಛಂದಸ್ಸಿನವರಂತೆ ಎಣಿಸಿದರೆ ಮತ್ತೆ ನಾಲ್ಕೇ ಅಕ್ಷರ! ಎಡೇಹಳ್ಳಿ ಬಿಟ್ಟುಕೊಟ್ಟಿದ್ದ ಜಾಗದಲ್ಲೇ ಹೊಸ ಹೆಸರು ಒಂದಿಷ್ಟೂ ಚಾಚದೆ ಕುಳಿತಿತು.

ಇಲ್ಲಿ ಪೂರ್ವಪಕ್ಷ: ಹೆಸರನ್ನೇಕೆ ಕತ್ತರಿಸಬೇಕು, 45 ಡಿಗ್ರಿ ಓರೆಮಾಡಿದರೆ ಸಾಲದೆ? ಸಾಲದು. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಕೊಡುವ ಚಿತ್ರದ ಅಗಲ 6.4 ಇಂಚು, ಅಕ್ಷರದ ಗಾತ್ರ 10 ಪಾಯಿಂಟ್. ಅದರೊಳಗೆ ಜಿಲ್ಲೆಯ ಒಂಬತ್ತು ತಾಲ್ಲೂಕುಗಳನ್ನು ಕೂರಿಸಿದರೆ ನರಸಿಂಹರಾಜಪುರವು ಪಕ್ಕದ ತಾಲ್ಲೂಕನ್ನು ಒತ್ತುವರಿ ಮಾಡುತ್ತದೆ. ಓರೆಮಾಡಿದರೆ ಒತ್ತುವರಿ ತಪ್ಪೀತು, ಓದುಗನ ಕುತ್ತಿಗೆ ಉಳಿಯದು. ಹಾಗಾದರೆ ಪಟ್ಟಿಗಳನ್ನೇ ಅಡ್ಡ ಮಲಗಿಸಿ ಹೆಸರುಗಳನ್ನು ಎಡಕ್ಕೆ ಬರೆಯೋಣವೆಂದರೆ, ಒಬ್ಬರ ಉದ್ದಕ್ಕಾಗಿ ಎಂಟು ತಾಲ್ಲೂಕುಗಳ ಪಟ್ಟಿಯೂ ಗಿಡ್ಡವಾಗಬೇಕು. ಅಕ್ಷರಸಂಖ್ಯೆಯ ಸರಾಸರಿಯ ಮೊರೆಹೋಗೋಣವೆಂದರೆ ಕೊಪ್ಪ 2, ಶೃಂಗೇರಿ 3, ನರಸಿಂಹರಾಜಪುರ 8, ಸರಾಸರಿ 4.33. ಅಷ್ಟು ಅಕ್ಷರದ ಊರು ಮೂರರಲ್ಲಿ ಒಂದೂ ಇಲ್ಲ. ಹೆಸರು ಗಿಡ್ಡವಾದ ಮಾತ್ರಕ್ಕೆ ಕೊಪ್ಪದವರೂ ಹಿಗ್ಗಬೇಕಿಲ್ಲ: ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೆ ಬರುವ ಡೆಜಾವು ಫಾಂಟಿನಲ್ಲಿ ಕನ್ನಡವೇ ಇಲ್ಲದ್ದರಿಂದ ಅವರ ಊರು ಬರೀ ಚೌಕಗಳಾಗಿ ಕಾಣುತ್ತದೆ, ಕನ್ನಡ ಫಾಂಟು ಹಾಕಿದರೂ ಹಳೆಯ ಆವೃತ್ತಿಗಳಲ್ಲಿ ‘ಪ’ದ ಒತ್ತು ಕೆಳಗಿಳಿಯಲು ಒಪ್ಪುವುದಿಲ್ಲ.

ಪರಸ್ಥಳದವರಿಗೆ ಎನ್.ಆರ್.ಪುರ ತಿಳಿಯದೆಂಬ ಆಕ್ಷೇಪವೊಂದೇ ತೂಕದ್ದು. ಅವರಿಗಾಗಿ ಚಿತ್ರದಡಿಯ ಟಿಪ್ಪಣಿಯಲ್ಲಿ ಪೂರ್ಣನಾಮ ಬರೆಯತಕ್ಕದ್ದು. ಅಕ್ಷದ ಮೇಲೆ ಊರವರು ಕರೆಯುವ ಹೆಸರೇ ಸಿದ್ಧಾಂತ. ಇದನ್ನೂ ಒಪ್ಪದವರು ಕೊಪ್ಪದ ಹೆಸರನ್ನೇ ಎಂಟಕ್ಷರಕ್ಕೆ ಏರಿಸಿ ಸಮಾನತೆ ಸಾಧಿಸಬಹುದು. ಆದರೆ ಅದಕ್ಕೆ ಇನ್ನೊಬ್ಬ ಯುವರಾಜರ ಭೇಟಿ ಬೇಕಾಗುತ್ತದೆ.