ಬಾಡಿಗೆ ಮನೆಯ ರಿಪೇರಿ ಶಾಸ್ತ್ರ

ಬಾಡಿಗೆ ಮನೆಯ ರಿಪೇರಿಯಲ್ಲಿ ಪಕ್ಷಗಳು ಮೂರು: ಕೆಟ್ಟ ವಸ್ತು, ಅದು ಕೆಟ್ಟಿದೆ ಎನ್ನುವ ಬಾಡಿಗೆದಾರ, ಕೊಡುವಾಗ ಸರಿಯಾಗೇ ಇತ್ತು ಎನ್ನುವ ಮಾಲೀಕ. ಮೂರರಲ್ಲಿ ರಜೆಯಿಲ್ಲದೆ ದುಡಿಯುವುದು ಮೊದಲನೆಯದೊಂದೇ. ಸೆಕೆಂಡಿಗೊಂದು ಹನಿ ಬಿಡುವ ನಲ್ಲಿ ಹಬ್ಬ ಹುಣ್ಣಿಮೆ ನೋಡದೆ ದಿನಕ್ಕೆ 86,400 ಹನಿ ಬಿಡುತ್ತದೆ. ಕೆಳಗಿಟ್ಟ ಬಕೆಟ್ ಮರುದಿನದ ಹೊತ್ತಿಗೆ ತುಂಬಿ ಚೆಲ್ಲುತ್ತದೆ. ಅದನ್ನು ನಿಲ್ಲಿಸಬಲ್ಲ ವಾಷರ್ ಬೈಟೂ ಕಾಫಿಯ ದುಡ್ಡಿಗೆ ಸಿಗುತ್ತದೆ. ಆದರೂ ಆ ವಾಷರ್ ಬದಲಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದೇಕೆ ಎಂಬುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ.

ಅಧ್ಯಯನಕ್ಕೆ ಬೆಂಗಳೂರು ಪ್ರಶಸ್ತವಾದ ಊರು. 30×40 ಅಡಿ ಸೈಟಿನಲ್ಲಿ ಕೆಳಗಿನ ಮನೆ ತಮಗೆ, ಮೇಲಿನವೆಲ್ಲ ಬಾಡಿಗೆಗೆ ಎಂದು ಕಟ್ಟಿಸುವ ಪದ್ಧತಿ ಇಲ್ಲಿ ಬಡಾವಣೆ ಬಡಾವಣೆಯಲ್ಲೂ ಇದೆ. ಹಿಂದೆ ಇದೇ ವ್ಯವಹಾರ ವಠಾರಗಳಲ್ಲಿ ನಡೆಯುತ್ತಿತ್ತು. ಅಲ್ಲಿ ಒಂದು ನಲ್ಲಿ ಕೆಟ್ಟರೆ ಎಂಟು ಸಂಸಾರ ಒಟ್ಟಿಗೆ ಕೂಗುತ್ತಿದ್ದವು, ಆ ಕೂಗಿಗೆ ಮಾಲೀಕರು ಹೊರಗೆ ಬರಲೇಬೇಕಾಗುತ್ತಿತ್ತು. ಈಗ ಪ್ರತಿ ಮನೆಗೂ ಬೇರೆ ನಲ್ಲಿ, ಬೇರೆ ಮೀಟರ್, ಬೇರೆ ಕರಾರು. ಕೂಗಬೇಕಾದವರು ಒಬ್ಬೊಬ್ಬರೇ. ಅದೂ ವಾಟ್ಸಾಪ್‌ನಲ್ಲಿ.

ದೋಷಗಳನ್ನು ನೀರಿನವು, ಕರೆಂಟಿನವು, ಮರದವು ಎಂದು ಮೂರು ಬಗೆ ಮಾಡಬಹುದು. ನೀರಿನವು ಸಂಖ್ಯೆಯಲ್ಲೂ ಹಟದಲ್ಲೂ ಮುಂದು. ಕಾವೇರಿ ನೀರು ಸಾಲದ ಮನೆಗಳಿಗೆ ಬೋರ್‌ವೆಲ್ ನೀರೇ ಗತಿ, ಆ ನೀರು ಸಾಮಾನ್ಯವಾಗಿ ಗಡಸು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿನ ಕ್ಯಾಲ್ಸಿಯಂ ಸುಣ್ಣದಂಥ ಪೊರೆಯಾಗಿ ಗೀಸರಿನ ಕಾಯಿಲ್ ಮೇಲೆ ಕೂರುತ್ತದೆ. ಪೊರೆ ದಪ್ಪವಾದಷ್ಟೂ ನೀರು ಕಾಯುವುದು ತಡ, ಕಾಯಿಲ್ ಸುಡುವುದು ಬೇಗ. ಶವರಿನ ತೂತುಗಳು ಮುಚ್ಚುವುದೂ, ನಲ್ಲಿಯ ಬಾಯಲ್ಲಿ ಬಿಳಿ ಗಡ್ಡ ಬೆಳೆಯುವುದೂ ಇದರಿಂದಲೇ. ಮಾಲೀಕರ ನಿದಾನ ಮಾತ್ರ ಬೇರೆ: “ನೀವು ಗೀಸರ್ ಜಾಸ್ತಿ ಯೂಸ್ ಮಾಡ್ತೀರಾ ಅನ್ಸುತ್ತೆ.”

ಸೀಲಿಂಗಿನ ಸೋರಿಕೆ ಇದಕ್ಕಿಂತ ಗಹನವಾದದ್ದು. ಮಹಡಿ ಮನೆಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ತಗ್ಗಿಸಿ ಹಾಕಿ, ಪೈಪುಗಳನ್ನು ಆ ತಗ್ಗಿನಲ್ಲಿ ಮಲಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಸುವುದು ವಾಡಿಕೆ. ಟೈಲ್ಸಿನ ಸಂದೋ ಪೈಪಿನ ಜಾಯಿಂಟೋ ಬಿಟ್ಟರೆ ನೀರು ಮೊದಲು ಆ ತಗ್ಗಿನಲ್ಲಿ ನಿಲ್ಲುತ್ತದೆ, ಆಮೇಲೆ ಕೆಳಗಿನ ಮನೆಯ ಸೀಲಿಂಗಿಗೆ ಇಳಿಯುತ್ತದೆ. ಮೊದಲು ಮಾಸಲು ಕಲೆ, ಬಳಿಕ ಬಣ್ಣದ ಗುಳ್ಳೆ, ಬಳಿಕ ಬಿಳಿ ಉಪ್ಪಿನ ಪುಡಿ, ಕೊನೆಗೆ ಗಾರೆ. ಇಲ್ಲಿ ಕೆಟ್ಟಿರುವುದು ಒಬ್ಬರ ಮನೆಯಲ್ಲಿ, ಕಾಣುವುದು ಇನ್ನೊಬ್ಬರ ಮನೆಯಲ್ಲಿ. ಮೇಲಿರುವವರು ಇನ್ನೊಬ್ಬ ಬಾಡಿಗೆದಾರರಾದರೆ ತನಿಖೆಯಾದರೂ ಸಾಧ್ಯ. ಮಾಲೀಕರೇ ಆಗಿದ್ದರೆ ಸೋರಿಕೆ ತಾತ್ವಿಕವಾಗಿ ಅಸಾಧ್ಯ.

ತಾರಸಿಯ ಸೋರಿಕೆಗೆ ಪಂಚಾಂಗವಿದೆ. ಬೆಂಗಳೂರಿಗೆ ನೈಋತ್ಯದ ಮುಂಗಾರು, ಈಶಾನ್ಯದ ಹಿಂಗಾರು ಎರಡರ ಮಳೆಯೂ ತಾಕುವುದರಿಂದ ಮೇ ತಿಂಗಳಿನ ಗುಡುಗಿನಿಂದ ಹಿಡಿದು ಅಕ್ಟೋಬರ್ ದಾಟುವವರೆಗೂ ತಾರಸಿ ನೆನೆಯುತ್ತಲೇ ಇರುತ್ತದೆ. ವಾಟರ್‌ಪ್ರೂಫಿಂಗ್ ಬಳಿಯಲು ತಾರಸಿ ಚೆನ್ನಾಗಿ ಒಣಗಿರಬೇಕು. ಆದ್ದರಿಂದ ಮಳೆಗಾಲದಲ್ಲಿ “ಮಳೆ ನಿಲ್ಲಲಿ, ಮಾಡಿಸೋಣ” ಎನ್ನುವ ಮಾಲೀಕರ ಮಾತು ವಿಜ್ಞಾನಸಮ್ಮತ. ಜನವರಿಯಲ್ಲಿ ಅವರು “ಈಗ ಸೋರ್ತಾ ಇಲ್ವಲ್ಲ” ಎನ್ನುವಾಗ ವಿಜ್ಞಾನ ಜೊತೆಗಿರುವುದಿಲ್ಲ, ತರ್ಕ ಇರುತ್ತದೆ.

ಕರೆಂಟಿನ ದೋಷಗಳಲ್ಲಿ ಪ್ರಸಿದ್ಧವಾದದ್ದು ಎಂಸಿಬಿ ಬೀಳುವುದು. 2,000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆಯ ಮನೆಯಲ್ಲಿ ಲೈಟು, ಫ್ಯಾನುಗಳಿಗೆಂದು ಎಳೆದ 6 ಆಂಪಿಯರ್ ಲೈನಿಗೇ ಅದನ್ನು ಸಿಕ್ಕಿಸಿದ್ದರೆ ಸ್ನಾನದ ನಡುವೆ ಮನೆ ಕತ್ತಲಾಗುತ್ತದೆ. ವಾಸ್ತವವಾಗಿ ಎಂಸಿಬಿ ಕೆಟ್ಟಿರುವುದಿಲ್ಲ, ವೈರು ಸುಡದಂತೆ ಕಾಯುತ್ತಿರುತ್ತದೆ. ಮನೆಯಲ್ಲಿ ತನ್ನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುವ ಸಾಧನ ಅದೊಂದೇ ಆದ್ದರಿಂದ ದೂರು ಅದರ ಮೇಲೇ ಹೆಚ್ಚು. ಮರದ ದೋಷಗಳು ಸೌಮ್ಯವಾದವು: ಗಾಳಿಯ ತೇವ ಹೀರಿದ ಬಾಗಿಲು ಆಗಸ್ಟಿನಲ್ಲಿ ಚೌಕಟ್ಟಿಗೆ ಸಿಕ್ಕಿಕೊಂಡು ನಿಲ್ಲುತ್ತದೆ, ಫೆಬ್ರುವರಿಯಲ್ಲಿ ಕಿರುಬೆರಳಿಗೆ ಮುಚ್ಚುತ್ತದೆ. ಮಾಲೀಕರು ಬಂದು ಪರೀಕ್ಷಿಸುವುದು ಫೆಬ್ರುವರಿಯಲ್ಲಿ.

ಮಾಲೀಕರನ್ನು ದೂರದ ಮೇಲೆ ವಿಂಗಡಿಸುವುದು ರೂಢಿ. ಕೆಳಗಿನ ಮನೆಯಲ್ಲೇ ಇರುವ ಮಾಲೀಕರಿಗೆ ಮೇಲಿನ ಮನೆಗೆ ಬಂದ ನೆಂಟರ ಸಂಖ್ಯೆ, ಒಗೆದ ಬಟ್ಟೆಯ ಲೆಕ್ಕ, ರಾತ್ರಿ ಗೇಟು ಹಾಕಿದ ಹೊತ್ತು ಎಲ್ಲ ತಿಳಿದಿರುತ್ತದೆ. ಸೋರಿಕೆಯೊಂದು ಗಮನಕ್ಕೆ ಬಂದಿರುವುದಿಲ್ಲ. ಬೇರೆ ಬಡಾವಣೆಯ ಮಾಲೀಕರು “ಭಾನುವಾರ ಬರ್ತೀನಿ” ಎನ್ನುತ್ತಾರೆ, ಯಾವ ಭಾನುವಾರ ಎಂದು ಹೇಳುವುದಿಲ್ಲ. ಮೂರನೆಯವರು ಅಮೆರಿಕದಲ್ಲಿರುವವರು. ಅಲ್ಲಿನ ಪೂರ್ವ ಕರಾವಳಿಗೂ ಇಲ್ಲಿಗೂ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಗಳ ಅಂತರ; ಇಲ್ಲಿ ಪೈಪು ಒಡೆಯುವ ಬೆಳಗಿನ ಹೊತ್ತು ಅಲ್ಲಿ ಮಲಗುವ ಹೊತ್ತು. ತೀರ್ಮಾನ ಅವರದು, ಬೀಗದ ಕೈ ಜಯನಗರದ ಭಾವಮೈದುನನದು. ಕೇಳಿದರೆ ಅವರು ಇವರನ್ನು ತೋರಿಸುತ್ತಾರೆ, ಇವರು ಅವರನ್ನು. ಅನಿವಾಸಿ ಮಾಲೀಕರಿಗೆ ಕೊಡುವ ಬಾಡಿಗೆಯಲ್ಲಿ ಶೇ 30ರಷ್ಟು ತೆರಿಗೆಯನ್ನು, ಮೇಲೆ ಸೆಸ್ಸನ್ನೂ ಸೇರಿಸಿ, ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನದು. ಆದಾಯ ತೆರಿಗೆ ಇಲಾಖೆಗಾಗಿ ಸಾವಿರಗಟ್ಟಲೆ ಹಿಡಿಯಬಲ್ಲ ಅದೇ ಬಾಡಿಗೆದಾರ ನಲ್ಲಿಗಾಗಿ ಇನ್ನೂರು ರೂಪಾಯಿ ಹಿಡಿದರೆ ಸಂಬಂಧ ಕೆಡುತ್ತದೆ.

ದೂರಿಗೆ ಸಿಗುವ ಉತ್ತರಗಳಿಗೆ ಒಂದು ಕ್ರಮವಿದೆ. ಮೊದಲನೆಯದು “ಹೌದಾ? ನೋಡೋಣ.” ಎರಡನೆಯದು “ಹುಡುಗನ್ನ ಕಳಿಸ್ತೀನಿ.” ಮೂರನೆಯದು “ಇನ್ನೂ ಬಂದಿಲ್ವಾ? ಊರಿಗೆ ಹೋಗಿರ್ಬೇಕು ಅವ್ನು.” ನಾಲ್ಕನೆಯದು ಘನವಾದದ್ದು: “ನಿಮಗಿಂತ ಮುಂಚೆ ಇದ್ದೋರು ಆರು ವರ್ಷ ಇದ್ರು ಕಣ್ರೀ, ಒಂದಿನಾನೂ ಒಂದು ಕಂಪ್ಲೇಂಟ್ ಇಲ್ಲ.” ಹಿಂದಿನ ಬಾಡಿಗೆದಾರರೆಂಬ ಈ ಮಹಾನುಭಾವರು ಮೊಳೆ ಹೊಡೆದವರಲ್ಲ, ಮಾಂಸ ಬೇಯಿಸಿದವರಲ್ಲ, ಒಂದನೇ ತಾರೀಖು ದಾಟಿಸಿದವರಲ್ಲ. ಐದನೆಯ ಘಟ್ಟದಲ್ಲಿ ಎರಡು ನೀಲಿ ಗೆರೆ ಮೂಡುತ್ತವೆ, ಮಾತು ಬರುವುದಿಲ್ಲ. ಈ ಮೌನ ತಿಂಗಳ ಕೊನೆಯವರೆಗೆ ಉಳಿದು ಒಂದನೇ ತಾರೀಖಿನ ಬೆಳಿಗ್ಗೆ ತಾನಾಗಿಯೇ ಮುರಿಯುತ್ತದೆ.

ಹುಡುಗ ಎಂದರೆ ಪ್ಲಂಬರ್. ವಯಸ್ಸು ಐವತ್ತಾಗಿದ್ದರೂ ಮಾಲೀಕರ ಬಾಯಲ್ಲಿ ಅವನು ಹುಡುಗನೇ. ಅವನ ಚೀಲದಲ್ಲಿ ಟೆಫ್ಲಾನ್ ಟೇಪು, ಎಂ-ಸೀಲ್, ವೈಟ್ ಸಿಮೆಂಟ್ ಇರುತ್ತವೆ. ಸಾಕಷ್ಟು ಮನೆಗಳು ಈ ಮೂರರ ಆಧಾರದಲ್ಲೇ ನಿಂತಿವೆ. ಬಂದವನು ಮೊದಲು ಹಿಂದಿನ ಪ್ಲಂಬರ್ ಮಾಡಿದ ಕೆಲಸವನ್ನು ನಿಂದಿಸುತ್ತಾನೆ. ಹಿಂದೆಯೂ ಬಂದಿದ್ದವನು ತಾನೇ ಎಂಬುದು ಅವನಿಗೆ ಅಡ್ಡಿಯಾಗುವುದಿಲ್ಲ. ಆಮೇಲೆ ಫೋನಿನಲ್ಲಿ ಮಾಲೀಕರೊಡನೆ ಒಂದು ಮಾತಾಗುತ್ತದೆ. “ಸರ್, ಪೂರ್ತಿ ಒಡೆದು ಮಾಡಬೇಕು” ಎಂದು ಶುರುವಾದ ಮಾತು “ಸರಿ ಸರ್, ಸದ್ಯಕ್ಕೆ ಹಾಗೇ ಮಾಡ್ತೀನಿ” ಎಂದು ಮುಗಿಯುತ್ತದೆ. ಸದ್ಯ ಎಂಬ ಅವಧಿ ಎಂ-ಸೀಲ್ ಒಣಗಿ ಬಿರಿಯುವವರೆಗೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ತಾನು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಲೀಕ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಮಾಡಿಸಲೇಬೇಕಾದದ್ದು ಯಾವುದು ಎಂದು ತಿಳಿಯಲು ಕರಾರು ನೋಡಬೇಕು. ಕರಾರಿನಲ್ಲಿ ಸಣ್ಣಪುಟ್ಟ ರಿಪೇರಿ ಬಾಡಿಗೆದಾರನದು, ದೊಡ್ಡದು ಮಾಲೀಕನದು ಎಂದಷ್ಟೇ ಇರುತ್ತದೆ. ಕೆಳಗೆ ನಿಂತವನಿಗೆ ದೊಡ್ಡದಾಗಿ ಕಾಣುವ ಸೀಲಿಂಗಿನ ಕಲೆ ಫೋಟೋದಲ್ಲಿ ನೋಡುವವರಿಗೆ ಸಣ್ಣದಾಗಿ ಕಾಣುವುದು ಸಹಜ.

ಕರ್ನಾಟಕಕ್ಕೆ ತನ್ನದೇ ಬಾಡಿಗೆ ಕಾಯ್ದೆಯೂ ಉಂಟು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ 1999ರ ಹೆಸರಿನ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿದೆ. ಆ ದುಡ್ಡಿಗೆ ಇಂದು ಮನೆ ಸಿಕ್ಕರೆ ಬಾಡಿಗೆದಾರ ರಿಪೇರಿಯ ಮಾತೇ ಎತ್ತುವುದಿಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಸ್ಪಷ್ಟ. ಕಟ್ಟಡದ ರಚನೆ, ಸುಣ್ಣಬಣ್ಣ, ಪೈಪು ಬದಲಿಸುವುದು, ವೈರಿಂಗ್ ಮಾಲೀಕನ ಪಾಲು. ವಾಷರ್, ನಲ್ಲಿ, ಚರಂಡಿ ಸ್ವಚ್ಛ ಮಾಡಿಸುವುದು, ಗೀಸರ್, ಸ್ವಿಚ್ಚು, ಚಿಲಕ, ಕಿಟಕಿಯ ಗಾಜು ಬಾಡಿಗೆದಾರನ ಪಾಲು. ದಿನಾ ಕೆಡುವವು ಒಬ್ಬರಿಗೆ, ಹತ್ತು ವರ್ಷಕ್ಕೊಮ್ಮೆ ಕೆಡುವವು ಇನ್ನೊಬ್ಬರಿಗೆ ಎಂಬ ಈ ಹಂಚಿಕೆಯಲ್ಲಿ ಒಂದು ಸಮಾಧಾನವಿದೆ: ಮಾಲೀಕ ತನ್ನ ಪಾಲು ಮಾಡದಿದ್ದರೆ ಬಾಡಿಗೆದಾರ ಮಾಡಿಸಿ ಖರ್ಚು ಹಿಡಿಯಬಹುದು, ಒಂದು ತಿಂಗಳಲ್ಲಿ ಅರ್ಧ ಬಾಡಿಗೆ ಮೀರಬಾರದು ಅಷ್ಟೆ. ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ದಾಟಕೂಡದು ಎಂದೂ ಅದು ಹೇಳುತ್ತದೆ. ಆದರೆ ಮಾದರಿ ಮಾದರಿಯೇ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಲ್ಲಿ ಮಾತ್ರ ಅದು ನಡೆಯುತ್ತದೆ.

ಮುಖ್ಯ ಪ್ರಶ್ನೆಯ ಉತ್ತರ ಈ ಅಡ್ವಾನ್ಸಿನಲ್ಲಿದೆ. ಬೆಂಗಳೂರಿನ ಹಳೆಯ ಪದ್ಧತಿ ಹತ್ತು ತಿಂಗಳದು. ಬಾಡಿಗೆ 20,000 ಎಂದಿಟ್ಟುಕೊಂಡರೆ ಅಡ್ವಾನ್ಸ್ 2 ಲಕ್ಷ. ಬ್ಯಾಂಕಿನಲ್ಲಿ ಶೇ 6ರಂತೆ ಇಟ್ಟರೂ ವರ್ಷಕ್ಕೆ 12,000 ಬಡ್ಡಿ. ಮನೆಯ ಎಲ್ಲ ವಾಷರ್, ಎಲ್ಲ ಕಾಯಿಲ್ ಆ ಬಡ್ಡಿಯಲ್ಲೇ ಬರುತ್ತವೆ. ಹಾಗಾಗುವುದಿಲ್ಲ, ಏಕೆಂದರೆ ಆ ಗಂಟು ಇರುವುದು ಮಾಲೀಕರ ಕೈಯಲ್ಲಿ. 1882ರ ಕಲಮನ್ನು ಬಾಯಿಪಾಠ ಮಾಡಿದ ಬಾಡಿಗೆದಾರನೂ ಬಾಡಿಗೆಯಲ್ಲಿ ಐನೂರು ಹಿಡಿಯುವ ಮುನ್ನ ಮನೆ ಬಿಡುವ ದಿನವನ್ನು ನೆನೆದು ಸುಮ್ಮನಾಗುತ್ತಾನೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸುವುದರಿಂದ ಕರಾರು 11 ತಿಂಗಳದು. ಅಷ್ಟು ದಿನ ದೂಡಿದರೆ ದೋಷ ಮುಂದಿನವರ ಪಾಲಾಗುತ್ತದೆ. ದೋಷದ ಕಷ್ಟ ಬಾಡಿಗೆದಾರನಿಗೆ, ರಿಪೇರಿಯ ಖರ್ಚು ಮಾಲೀಕನಿಗೆ, ಬಾಡಿಗೆ ಎರಡೂ ಸ್ಥಿತಿಯಲ್ಲಿ ಒಂದೇ. ಹೀಗಿರುವಾಗ “ನೋಡೋಣ” ಎಂಬುದು ಸೋಮಾರಿತನವಲ್ಲ, ಲೆಕ್ಕಾಚಾರ.

ಆದರೆ ಲೆಕ್ಕ ಪೂರ್ತಿ ಸರಿಯಲ್ಲ. ಸ್ಲ್ಯಾಬಿಗೆ ಇಳಿದ ನೀರು ಒಳಗಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲ ಕಾಂಕ್ರೀಟು ಬಿರಿದು ಹೆಪ್ಪಳಿಕೆ ಎದ್ದು ಉದುರುತ್ತದೆ. ಆಗ ಎಂ-ಸೀಲ್ ನಡೆಯುವುದಿಲ್ಲ, ಎಂಜಿನಿಯರ್ ಬರಬೇಕು. ಸಾವಿರದಲ್ಲಿ ಮುಗಿಯಬೇಕಾದದ್ದು ಲಕ್ಷಕ್ಕೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಐದಾರು ಬಾಡಿಗೆದಾರರು ಅದನ್ನು ತಿಳಿಸಿರುತ್ತಾರೆ.

ಬಾಡಿಗೆದಾರನಿಗೆ ಉಳಿದಿರುವ ದಾರಿಗಳು ಕೆಲವು. ಸಾಮಾನು ಇಳಿಸುವ ಮೊದಲೇ ಮನೆಯ ಮೂಲೆ ಮೂಲೆಯ ವಿಡಿಯೊ ಮಾಡಿಟ್ಟುಕೊಳ್ಳುವುದು. ಕೋಣೆಯ ಒಂದೇ ಗೋಡೆಗೆ ಹೊಸ ಬಣ್ಣವಿದ್ದರೆ ಕಾರಣ ಕೇಳುವುದು. ಸಣ್ಣಪುಟ್ಟ ಎಂಬಲ್ಲಿ ಕರಾರಿನಲ್ಲೇ ರೂಪಾಯಿಯ ಮಿತಿ ಬರೆಸುವುದು. ದೂರನ್ನು ಬಾಯಲ್ಲಿ ಹೇಳಿ ಬಿಡದೆ ತಾರೀಖು, ಫೋಟೋ ಸಮೇತ ಬರೆದು ಕಳಿಸುವುದು, ಇಷ್ಟು ದಿನದಲ್ಲಿ ಆಗದಿದ್ದರೆ ತಾವೇ ಮಾಡಿಸುವುದಾಗಿ ಮೊದಲೇ ತಿಳಿಸುವುದು, ಬಿಲ್ಲು ಎತ್ತಿಡುವುದು. ಇವೆಲ್ಲ ಫಲ ಕೊಡುತ್ತವೆ. ಆದರೂ ಹೆಚ್ಚಿನವರು ಹಿಡಿಯುವ ದಾರಿ ಬೇರೆ: ಭಾನುವಾರ ತಾವೇ ಹೋಗಿ ನಲ್ಲಿ ತಂದು, ತಮ್ಮ ದುಡ್ಡಲ್ಲೇ ಹಾಕಿಸಿ, ಸಂಜೆ ಮಾಲೀಕರಿಗೆ “ಅಂಕಲ್, ಸರಿಹೋಯ್ತು” ಎಂದು ಮೆಸೇಜು ಹಾಕುವುದು. ಇದಕ್ಕೆ ಮಾತ್ರ ಒಂದೇ ನಿಮಿಷದಲ್ಲಿ ಉತ್ತರ ಬರುತ್ತದೆ, ಹೆಬ್ಬೆಟ್ಟಿನ ಚಿತ್ರದ ರೂಪದಲ್ಲಿ.

ಮನೆ ಬಿಡುವಾಗ ಲೆಕ್ಕದ ಚೀಟಿ ತಯಾರಾಗುತ್ತದೆ. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಸೋರಿಕೆಯಿಂದ ಉದುರಿದ ಬಣ್ಣವೂ ಅದರಲ್ಲೇ ಸೇರುತ್ತದೆ. ಮೇಲೆ ಕೊನೆಯ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಕ್ಯಾಲೆಂಡರಿಗೆ ಹೊಡೆದ ಮೊಳೆ, ಜೊತೆಗೆ ಬಾಡಿಗೆದಾರ ತಾನೇ ಬದಲಿಸಿದ ನಲ್ಲಿಯ ಜಾಗದಲ್ಲಿ ಮೊದಲಿದ್ದ ಹಳೆಯ ನಲ್ಲಿಯ ಬೆಲೆ. ಉಳಿದ ಹಣ ಸಿಗುವುದು ಹೊಸಬರು ಅಡ್ವಾನ್ಸ್ ಕೊಟ್ಟ ದಿನ, ಅದರಿಂದಲೇ. ಹೊಸಬರು ಬಂದ ಮೊದಲ ಮಳೆಗೆ ಫೋನು ಮಾಡಿದಾಗ, ಬಿಟ್ಟುಹೋದವರು ಇದ್ದಷ್ಟು ದಿನ ಒಂದು ಕಂಪ್ಲೇಂಟನ್ನೂ ಮಾಡಿರಲಿಲ್ಲ ಎಂಬುದು ಅವರಿಗೆ ತಿಳಿದುಬರುತ್ತದೆ.