ಗುಡ್ಡಕ್ಕ ಹೊಂಟಾಗ ಇರೂ ಬುದ್ಧಿ

ಒಂದ ಮಾತ ಕೇಳ್ತೀನಿ, ಖರೇ ಹೇಳ್ರಿ. ಈಗಿಂದೀಗ ಕರೆಂಟ್ ಹೋತು ಅನ್ರಿ. ನಿಮ್ಮ ಮನ್ಯಾಗ ಬ್ಯಾಟರಿ ಎಲ್ಲೈತಿ? (ಮೊಬೈಲಿನ ಲೈಟ್ ಐತಿ ಅಂದ್ರ ಮಾರ್ಕ್ಸ್ ಕೊಡಂಗಿಲ್ಲ. ಅದರ ಚಾರ್ಜ್ ಎಷ್ಟ ಉಳದೈತಿ ಮೊದಲ ನೋಡ್ಕೋರಿ.) ಬ್ಯಾಟರಿ ಕಪಾಟಿನ ಮ್ಯಾಲೈತಿ. ಅದರಾಗಿನ ಸೆಲ್ಲು ಮೊಮ್ಮಗನ ಆಟದ ಕಾರಿನಾಗ ಅದಾವು. ಕಾರು ಎಲ್ಲೈತಿ ಅನ್ನೂದು ಮೊಮ್ಮಗನಿಗೂ ಗೊತ್ತಿಲ್ಲ. ಹೌದಲ್ರಿ?

ಸಿಟ್ಟಾಗಬ್ಯಾಡ್ರಿ. ಬೈಲಹೊಂಗಲದಿಂದ ರಾಮದುರ್ಗದ ತನಕ ಮನಿಮನಿ ಕಥಿ ಇಷ್ಟ. ಆದ್ರ ನಿಮಗ ತಯಾರಿ ಮಾಡಾಕ ಬರೂದಿಲ್ಲ ಅಂತ ಯಾರರೆ ಅಂದ್ರ ನಾ ಜಗಳಕ್ಕ ನಿಲ್ಲಾಂವ. ಬರತೈತಿ, ಭಾಳ ಚಲೋ ಬರತೈತಿ. ಬನದ ಹುಣ್ಣಿವಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೊಂಟಾಗ ನಿಮ್ಮ ಕೈಚಳಕ ನೋಡಿಲ್ಲೇನ ನಾ?

ಟ್ರ್ಯಾಕ್ಟರಿನ ಟ್ರೇಲರ್‌ನಾಗ ತಳಕ್ಕ ಹುಲ್ಲು, ಹುಲ್ಲಿನ ಮ್ಯಾಲ ಜಮಖಾನಿ, ತಲಿ ಮ್ಯಾಲ ತಾಡಪತ್ರಿ. ಒಂದ ಬುಟ್ಟಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ. ತುಂಬಿದ ಕೊಡ, ಸ್ಟೋವ್, ಪ್ಲಾಸ್ಟಿಕ್ ಚೀಲದಾಗ ಸುತ್ತಿದ ಕಡ್ಡಿಪೆಟ್ಟಿಗಿ. ಅತ್ತಿಯವರ ಬಿಪಿ ಗುಳಗಿ, ಕೂಸಿಗೆ ಜ್ವರದ ಔಷಧ, ಹಗ್ಗ, ಈಳಿಗಿ, ಸೀರಿ ಸೆರಗಿಗೆ ಗಂಟ ಹಾಕಿದ ಚಿಲ್ಲರ ರೊಕ್ಕ. ಒಂದರೆ ಮರತೀರೇನು? ಇಲ್ಲ!

ಈಗ ಯುರೋಪಿನವರ ಸುದ್ದಿ ಕೇಳ್ರಿ. 2025ರ ಮಾರ್ಚ್‌ನಾಗ ಯುರೋಪಿಯನ್ ಒಕ್ಕೂಟ ತನ್ನ ಜನಕ್ಕ ಹೇಳ್ತು, ಆಪತ್ತು ಬಂದ್ರ 72 ತಾಸು ತಡಕೊಳ್ಳೂವಷ್ಟು ಸಾಮಾನು ಮನ್ಯಾಗ ಇಟ್ಕೋರಿ ಅಂತ. ಸ್ವೀಡನ್ ಸರ್ಕಾರ ಅಂತೂ 2018ರಾಗ ಒಮ್ಮೆ, 2024ರಾಗ ಮತ್ತೊಮ್ಮೆ ಮನಿಮನಿಗೆ ಪುಸ್ತಕನ ಹಂಚ್ತು. ನೀರು, ಕೆಡದ ಊಟ, ಬೆಳಕು, ಹೊದಿಕಿ, ಕೈಯಾಗ ಒಂದಿಷ್ಟ ರೊಕ್ಕ. ನಿಮ್ಮ ಟ್ರೇಲರ್‌ನಾಗ ಇಷ್ಟೂ ಅದಾವು, ಮ್ಯಾಲ ಭಂಡಾರ ಬ್ಯಾರೆ!

ಹಂಗಾರ ತೊಂದರಿ ಎಲ್ಲಿ? ಹುಣ್ಣಿವಿ ಎಂದು ಬರತೈತಿ ಅನ್ನೂದು ಕ್ಯಾಲೆಂಡರ್‌ನಾಗ ಅಚ್ಚಾಗಿರತೈತಿ. ಹೊಳಿ ಕ್ಯಾಲೆಂಡರ್ ನೋಡಿ ಬರಂಗಿಲ್ಲ.

ನಮ್ಮ ಮಲಪ್ರಭಾ ಭಾರಿ ಮೋಸಗಾತಿ. ಆಕಿ ಹುಟ್ಟೂದು ಖಾನಾಪುರ ತಾಲ್ಲೂಕಿನ ಕಣಕುಂಬಿಯೊಳಗ, ಘಟ್ಟದ ಮಳ್ಯಾಗ. ರಾಮದುರ್ಗದಾಗ ನೀವು ಹಪ್ಪಳ ಒಣ ಹಾಕೂವಂಥ ಬಿಸಲಿದ್ರೂ ಮ್ಯಾಲ ಜಡಿಮಳಿ ಹಿಡದಿರತೈತಿ. ನವಿಲುತೀರ್ಥದ ಡ್ಯಾಮು ಹಿಡಿಯೂದು 37 ಟಿಎಂಸಿ ಚಿಲ್ಲರ. ತುಂಬಿತು ಅಂದ್ರ ಗೇಟ್ ಎತ್ತಲೇಬೇಕು. 2019ರ ಆಗಸ್ಟ್‌ನಾಗ ಹಂಗ ಆತು. ರಾಮದುರ್ಗದ ಓಣಿಗಳೊಳಗ ಹೊಳಿ ಹೊಕ್ತು, ನೇಕಾರರ ಮಗ್ಗ ನೀರಾಗ ನಿಂತವು.

ಆವಾಗ ನೀವೇನ ಮಾಡಿದ್ರಿ? ಸೇತುವಿ ಮ್ಯಾಲ ಹೋಗಿ ವಿಡಿಯೋ ಮಾಡಿದ್ರಿ. (ಇಲ್ಲ ಅನಬ್ಯಾಡ್ರಿ, ನಮ್ಮ ಗ್ರೂಪಿಗೂ ಬಂದಿತ್ತು, ಮೂರು ಕಡೆಯಿಂದ.) ಕಣಕುಂಬಿಯಾಗ ಎಷ್ಟ ಮಳಿ ಆತು, ಡ್ಯಾಮಿಗೆ ಒಳಹರಿವು ಎಷ್ಟ, ಪೇಪರಿನಾಗ ದಿನಾ ಬರತೈತಿ. ನೀವು ನೋಡೂದು ರಾಶಿಭವಿಷ್ಯ. ಅದರಾಗ ‘ಜಲಗಂಡ’ ಅಂತ ಬಂದಿದ್ರ ಗಂಟು ಕಟ್ಟತಿದ್ರಿ ಏನೋ.

ನೀರು ಹೊಸ್ತಿಲಾ ಮುಟ್ಟಿದ ಮ್ಯಾಲ ಹುಡುಕೂ ಸಾಮಾನು ಯಾವು ಗೊತ್ತೇನ್ರಿ? ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡ್. ಒಂದು ಟ್ರಂಕಿನ ತಳದಾಗ, ಒಂದು ಗಾದಿ ಕೆಳಗ, ಒಂದು ಮಗಳ ಮನ್ಯಾಗ. ಮುಂದ ಪರಿಹಾರ ಕೇಳಾಕ ಹೋದ್ರ ಆಫೀಸಿನಾಗ ಮೊದಲ ಕೇಳೂದು ಅವನ್ನ. ಎಲ್ಲಾ ಕೂಡಿಸಿ ಒಂದ ಗಟ್ಟಿ ಪ್ಲಾಸ್ಟಿಕ್ ಚೀಲಕ್ಕ ಹಾಕಿ ಎತ್ತರಕ್ಕ ತೂಗ ಹಾಕ್ರಿ, ಫೋಟೋ ತಗದು ಮಗಳ ಮೊಬೈಲಿಗೆ ಕಳಸ್ರಿ. (ಸೇತುವಿ ವಿಡಿಯೋ ಕಳಸೂ ಕೈಗೆ ಇದೇನು ದೊಡ್ಡ ಕೆಲಸ?)

ಮತ್ತ ಮನಿ ಬಿಡೂ ಮೊದಲ ಮೇನ್ ಸ್ವಿಚ್ ಆರಸ್ರಿ. ದನದ ಹಗ್ಗ ಬಿಚ್ಚರಿ. ಬಿಟ್ಟ ದನ ಈಸಿ ದಂಡಿ ಮುಟ್ಟತೈತಿ, ಕಟ್ಟಿದ್ದು ಗೂಟದಾಗ ಹೋಗತೈತಿ. ಎಷ್ಟೋ ಮಂದಿ ಟಿವಿ ಹೊತ್ಕೊಂಡು ಓಡ್ಯಾರ, ಹಗ್ಗ ಮರತಾರ. ನಂಬರ್ ಮೂರ ನೆನಪಿಟ್ರ ಸಾಕು: 112 ಯಾವ ಆಪತ್ತಿಗಾದ್ರೂ, 1077 ಜಿಲ್ಲಾ ಕಂಟ್ರೋಲ್ ರೂಮಿಗೆ, 1912 ಕರೆಂಟಿನವರಿಗೆ. ಗ್ವಾಡಿ ಮ್ಯಾಲ ಬರದ ಇಡ್ರಿ. ಮೊಬೈಲಿನಾಗ ಸೇವ್ ಮಾಡೇನಿ ಅಂದ್ರ ಮತ್ತ ಚಾರ್ಜಿನ ಪ್ರಶ್ನೆ ಬರತೈತಿ.

ಇರಲಿ, ಹೊಳಿ ದಿನಾ ಬರೂದಿಲ್ಲ. ತುಟ್ಟಿ ದಿನಾ ಬರತೈತಿ. ಅದಕ್ಕ ನಿಮ್ಮ ತಯಾರಿ ಹೆಂಗ? 2022ರಾಗ ಉಕ್ರೇನಿನಾಗ ಯುದ್ಧ ಹತ್ತಿತು, ಅಲ್ಲಿಂದ ಸೂರ್ಯಕಾಂತಿ ಎಣ್ಣಿ ಬರೂದು ನಿಂತಿತು. (ನಮ್ಮ ದೇಶದ ಅಡಗಿ ಎಣ್ಣಿ ಅರ್ಧಕ್ಕಿಂತ ಹೆಚ್ಚು ಹೊರಗಿಂದು.) ಮ್ಯಾಲ ಇಂಡೋನೇಷ್ಯಾ ಬ್ಯಾರೆ ಏಪ್ರಿಲ್ ಕೊನಿಗೆ ತಾಳಿ ಎಣ್ಣಿ ಕೊಡಂಗಿಲ್ಲ ಅಂತು. ರೇಟು ನೆತ್ತಿಗೇರಿದ ದಿನಾನ ನೀವು ಕಿರಾಣಿ ಅಂಗಡಿಗೆ ಓಡಿದ್ರಿ. ಇಂಡೋನೇಷ್ಯಾ ಮೇ ತಿಂಗಳಾಗ ಬಾಗಲಾ ತಗೀತು, ಮಳಿಗಾಲದಾಗ ರೇಟು ಇಳೀತು. ನಿಮ್ಮ ಡಬ್ಬಿ ಅಟ್ಟದ ಮ್ಯಾಲ ಕುಂತು ನಗತಿದ್ದವು.

ಉಳ್ಳಾಗಡ್ಡಿ ವಿಷಯನೂ ಅಷ್ಟ. 2019ರ ಡಿಸೆಂಬರ್‌ನಾಗ ಬೆಂಗಳೂರಾಗ ಕೆಜಿಗೆ 200 ರೂಪಾಯಿ ಆತು. ಸೋವಿ ಇದ್ದಾಗ ಗಿರಮಿಟ್ಟಿನಾಗ ಉಳ್ಳಾಗಡ್ಡಿ ಆರಿಸಿ ತಾಟಿನ ಬಾಜೂಕ ಇಡತಿದ್ರಿ. ತುಟ್ಟಿ ಆದ ದಿನದಿಂದ, “ಸ್ವಲ್ಪ ಉಳ್ಳಾಗಡ್ಡಿ ಜಾಸ್ತಿ ಹಾಕ ತಮ್ಮಾ”! ಇದಕ್ಕ ಯಾವ ಸರ್ಕಾರ ಏನ ಮಾಡೀತು?

ಇನ್ನ ರಾತ್ರಿ ಎಂಟ ಗಂಟೆ ಅಂದ್ರ ನಿಮಗ ಎದಿ ಝಲ್ ಅಂತೈತಿ. 2016ರ ನವೆಂಬರ್ 8ರ ನೋಟ್‌ಬಂದಿ ಎಂಟಕ್ಕ, 2020ರ ಮಾರ್ಚ್ 24ರ ಲಾಕ್‌ಡೌನ್ ಎಂಟಕ್ಕ. ನೋಟ್‌ಬಂದಿ ಆದ ಮೂರ ದಿನಕ್ಕ ಉತ್ತರ ಭಾರತದಾಗ ಉಪ್ಪು ಮುಗೀತಂತ ಯಾವನೋ ಸುದ್ದಿ ಹಬ್ಬಿಸಿದ. ಜನ ಕೆಜಿಗೆ ನೂರಿನ್ನೂರ ಕೊಟ್ಟು ಒಯ್ದರು. ಮೂರು ಕಡೆ ಸಮುದ್ರ ಇರೂ ದೇಶದಾಗ! ನಗಬ್ಯಾಡ್ರಿ. ಲಾಕ್‌ಡೌನ್ ಆದ ರಾತ್ರಿ ನೀವು ಏನೇನ ತಂದ್ರಿ ಅನ್ನೂದು ಓಣಿಗೆಲ್ಲಾ ಗೊತ್ತೈತಿ. ಅಂಗಡಿಯಾಗ ಇದ್ದ ಸಕ್ಕರಿ ನೀವ ಒಬ್ಬರ ಒಯ್ದ ಮ್ಯಾಲ “ಊರಾಗ ಸಕ್ಕರಿ ಇಲ್ಲಂತ” ಅಂತ ಸುದ್ದಿ ಹೇಳಾವರೂ ನೀವ.

ನಮ್ಮ ಮುತ್ಯಾಗೋಳಿಗೆ ಈ ಗಡಿಬಿಡಿ ಗೊತ್ತಿರಲಿಲ್ಲ. ಮನಿ ಮುಂದ ಹಗೇವು ಇತ್ತು. ನೆಲದಾಗ ಬಾವಿ ಹಂಗ ತೋಡಿ, ಒಳಗ ಸುತ್ತಲೂ ದಂಟು ಹುಲ್ಲು ಜೋಡಿಸಿ, ಸುಗ್ಗಿಯಾಗ ಜೋಳ ಸುರದು, ಬಾಯಿಗೆ ಹಾಸಗಲ್ಲು ಮುಚ್ಚಿ ಮಣ್ಣು ಮೆತ್ತತಿದ್ರು. ಗಾಳಿ ಆಡದ ಜಾಗಾದಾಗ ಹುಳಾ ಬದುಕಂಗಿಲ್ಲ, ಕಾಳು ವರ್ಷಗಟ್ಟಲೆ ಇರತಿತ್ತು. ತಗಿಯೂ ದಿನ ಕಲ್ಲು ಸರಿಸಿ ಗಾಳಿ ಆಡಾಕ ಬಿಟ್ಟು, ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಡತಿದ್ರು. ಕಂದೀಲು ಆರಿತು ಅಂದ್ರ ಯಾರೂ ಇಳಿಯಂಗಿಲ್ಲ. ಉರೀತು ಅಂದ್ರ ಬುಟ್ಟಿ ತರ್ರಿ.

2023ರಾಗ ರಾಜ್ಯದ 223 ತಾಲ್ಲೂಕಿಗೆ ಬರ ಅಂತ ಸರ್ಕಾರ ಘೋಷಣಾ ಮಾಡ್ತು, ಬಿಳಿಜೋಳ ರೇಟಿನಾಗ ಅಕ್ಕಿನ್ನ ಹಿಂದ ಹಾಕ್ತು. ಹಗೇವು ಇದ್ದಿದ್ರ ಅನಿಸಿತಲ್ಲ? ಈಗ ಆ ಜಾಗಾದಾಗ ಕಾರು ನಿಲ್ಲಿಸೀರಿ, ಅಗಿಯೂದ ಬ್ಯಾಡ. ಸುಗ್ಗಿಯಾಗ ಜೋಳ, ಮಾರ್ಚಿನಾಗ ಖಾರ, ಬ್ಯಾಸಿಗ್ಯಾಗ ಶ್ಯಾವಿಗಿ ಹಪ್ಪಳ, ಇದು ನಿಮ್ಮ ಅವ್ವನ ಲೆಕ್ಕಾನ. ಅದಕ್ಕ ಒಂದ ಸೇರಸ್ರಿ: ಬ್ಯಾಳಿ, ಎಣ್ಣಿ, ಗುಳಗಿ ಅರ್ಧ ಮುಗದಾಗ ಹೊಸದು ತಂದು ಹಿಂದ ಇಡ್ರಿ, ಹಳೇದು ಮುಂದ ಉಣ್ರಿ. ಖರ್ಚು ಅಷ್ಟ, ಗಾಬರಿ ಇಲ್ಲ. (ಹಳೇದು ಹಿಂದ ಸರದು ಹುಳಾ ಬಿದ್ದ ಕಥಿ ನಿಮ್ಮ ವೈನಿ ಹೇಳ್ಯಾರ, ಇಲ್ಲಿ ಬ್ಯಾಡ.)

ಔಷಧದ ಡಬ್ಬ್ಯಾಗ ಓಆರ್‌ಎಸ್ ಇಲ್ಲಂದ್ರೂ ಹೆದರಬ್ಯಾಡ್ರಿ. ಕುದಿಸಿ ಆರಿಸಿದ ಒಂದ ಲೀಟರ್ ನೀರಿಗೆ ಮಟ್ಟಸ ಆರು ಚಾ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಹೊಳಿ ಬಂದು ಹೋದ ಮ್ಯಾಲ ಹೊಟ್ಟಿ ಕೆಡೂದು ಇದ್ದದ್ದ. (ಲಾಕ್‌ಡೌನಿನ ಸಕ್ಕರಿ ಇನ್ನೂ ಉಳದಿದ್ರ ಕೆಲಸಕ್ಕ ಬಂತು.)

ಖಡಕ್ ರೊಟ್ಟಿ ಮಾತ್ರ ಬಿಡಬ್ಯಾಡ್ರಿ. 2019ರ ಮಹಾಪೂರದಾಗ ಊರೂರಿಂದ ರೊಟ್ಟಿ ಗಂಟು ಬಂದವು, ಕಾಳಜಿ ಕೇಂದ್ರದಾಗ ಮಂದಿ ಉಂಡ್ರು. ತಿಂಗಳ ಇಟ್ರೂ ಕೆಡಂಗಿಲ್ಲ, ಗ್ಯಾಸ್ ಬೇಕಿಲ್ಲ, ನೆಟ್‌ವರ್ಕ್ ಬೇಕಿಲ್ಲ. ಈ ಮಾತ ಓದಿದ ಕೂಡಲೇ ನೀವೇನ ಮಾಡಾವರು ಅಂತ ನನಗ ಗೊತ್ತೈತಿ. ಕುಂತಲ್ಲಿಂದನ ಒಳಗ ಒದರತೀರಿ, “ಏ, ನೂರು ರೊಟ್ಟಿ ಬಡದ ಇಡ” ಅಂತ. ತಡೀರಿ ಯಜಮಾನ್ರ. ಹಿಟ್ಟು ಇಲ್ಲ. ಜೋಳದ ಡಬ್ಬಿ ಬಾಗಲದಾಗ ಐತಿ, ಗಿರಣಿ ತಿರಗೂದು ಕರೆಂಟ್ ಇರೂತನಕ ಅಷ್ಟ. ಏಳ್ರಿ, ಬೀಸಿಸ್ಕೊಂಡ ಬರ್ರಿ.